ಹಲ್ಲು ನೋಡುವವರ ಕತ್ತು, ಸೊಂಟ, ಮಣಿಕಟ್ಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಅಂಕಣಕ್ಕೆ ಸಾಮಾನ್ಯವಾಗಿ ಹಲ್ಲುನೋವಿನ ಪತ್ರಗಳು ಬರುತ್ತವೆ. ಈ ಸಲದ ಪತ್ರಗಳು ಹಲ್ಲುನೋವಿಗೆ ಚಿಕಿತ್ಸೆ ಕೊಡುವವರವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿರುವುದರಿಂದ ತಾಲ್ಲೂಕು ಕೇಂದ್ರಗಳಲ್ಲಿಯೂ ಈಗ ಹಲ್ಲಿನ ಕ್ಲಿನಿಕ್ಕುಗಳಿವೆ. ಅಲ್ಲಿ ದಿನವಿಡೀ ಬಾಗಿ ಕೆಲಸ ಮಾಡುವವರ ಮೈಕೈ ನೋವಿನ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇನೆ. ಹೆಸರು ಬೇಡವೆಂದು ಹಲವರು ಕೋರಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಸ್ವಂತ ಕ್ಲಿನಿಕ್ ನಡೆಸುತ್ತಿದ್ದೇನೆ. ಕಳೆದ ವರ್ಷ ಕತ್ತಿನಲ್ಲಿ ಶುರುವಾದ ನೋವು ಈಗ ಬಲಭುಜದ ಹಿಂಬದಿಗೆ ಇಳಿದಿದೆ. ಸಂತೆಯ ದಿನ ಹಳ್ಳಿಗಳಿಂದ ಬರುವ ರೋಗಿಗಳು ಹೆಚ್ಚು. ಆ ರಾತ್ರಿ ನಿದ್ದೆಯೇ ಬರುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದಿದ್ದಾರೆ. ಲೂಪ್ಸ್ (ಹಲ್ಲನ್ನು ದೊಡ್ಡದಾಗಿ ತೋರಿಸುವ, ಕನ್ನಡಕದಂತೆ ಧರಿಸುವ ಮಸೂರ) ಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ಸಹಪಾಠಿಯೊಬ್ಬರು ಹೇಳುತ್ತಾರೆ. ಕೊಳ್ಳಬಹುದೇ?
— ದಂತವೈದ್ಯೆ, ಗೋಕಾಕ

ಉತ್ತರ: ಕೊಳ್ಳಬಹುದು, ಆದರೆ ಈಗಲೇ ಬೇಡ, ಏಕೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಸಹಾಯಕಿಗೆ ಒಂದು ಕೆಲಸ ಒಪ್ಪಿಸಿ. ಮೇಲ್ದವಡೆಯ ಹಿಂದಿನ ಹಲ್ಲಿಗೆ ನೀವು ರೂಟ್ ಕೆನಾಲ್ ಮಾಡುತ್ತಿರುವಾಗ, ರೋಗಿಯ ಒಪ್ಪಿಗೆ ಪಡೆದು, ಅವರ ಮುಖ ಬಾರದಂತೆ, ನಿಮಗೆ ಮಾತ್ರ ತಿಳಿಸದೆ, ಪಕ್ಕದಿಂದ ಒಂದು ಹಾಗೂ ಬೆನ್ನ ಹಿಂದಿನಿಂದ ಒಂದು ಫೋಟೋ ತೆಗೆಯಲಿ. ನಿಮಗೆ ತಿಳಿಸಿ ತೆಗೆದರೆ ನೀವು ನೆಟ್ಟಗೆ ಕುಳಿತುಬಿಡುತ್ತೀರಿ, ಫೋಟೋ ವ್ಯರ್ಥವಾಗುತ್ತದೆ. ನಿಮ್ಮ ಪತ್ರದ ವಿವರ ನೋಡಿದರೆ ಆ ಫೋಟೋಗಳಲ್ಲಿ ಬಹುಶಃ ಮೂರು ಸಂಗತಿಗಳು ಕಾಣಿಸುತ್ತವೆ: ತಲೆ ಭುಜಗಳಿಗಿಂತ ಬಹಳ ಮುಂದೆ ಬಂದು ಒಂದು ಬದಿಗೆ ವಾಲಿರುತ್ತದೆ, ಬಲ ಮೊಣಕೈ ಪಕ್ಕೆಯಿಂದ ದೂರ ಸರಿದು ಮೇಲೆದ್ದಿರುತ್ತದೆ, ರೋಗಿಯ ನೆತ್ತಿಗೂ ತಲೆದಿಂಬಿನ ತುದಿಗೂ ನಡುವೆ ಗೇಣಿನಷ್ಟು ಜಾಗ ಖಾಲಿ ಬಿದ್ದಿರುತ್ತದೆ. ಮೊದಲಿನ ಎರಡಕ್ಕೆ ಅನೇಕ ಸಲ ಈ ಮೂರನೆಯದೇ ಕಾರಣ, ಏಕೆಂದರೆ ಆ ಖಾಲಿ ತಲೆದಿಂಬನ್ನು ದಾಟಿ ನೀವು ಬಾಯಿಯ ತನಕ ಚಾಚಿಕೊಳ್ಳಬೇಕಾಗುತ್ತದೆ.

ಮನುಷ್ಯನ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ಅದು ನೆಟ್ಟಗಿದ್ದಾಗ ಬೆನ್ನೆಲುಬು ಹೊರುತ್ತದೆ, ಮುಂದೆ ಬಾಗಿದಾಗ ಕತ್ತಿನ ಹಿಂದಿನ ಸ್ನಾಯುಗಳು ಹಿಡಿದುಕೊಳ್ಳಬೇಕು. 2014ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ತಲೆ 15 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಬೀಳುವ ಹೊರೆ ಸುಮಾರು 12 ಕಿಲೋ, 30 ಡಿಗ್ರಿಗೆ 18 ಕಿಲೋ, 60 ಡಿಗ್ರಿಗೆ 27 ಕಿಲೋ. ಇದು ಗಣಿತದ ಮಾದರಿಯಿಂದ ಬಂದ ಅಂದಾಜು, ತಕ್ಕಡಿಯಲ್ಲಿ ತೂಗಿದ್ದಲ್ಲ. ಆದರೂ ಏರಿಕೆಯ ರೀತಿಯನ್ನು ಅದು ಸರಿಯಾಗಿ ತೋರಿಸುತ್ತದೆ. ಬಿಗಿಹಿಡಿದು ಅಲುಗಾಡದೆ ನಿಂತ ಸ್ನಾಯುವಿನಲ್ಲಿ ರಕ್ತದ ಓಡಾಟ ಕಡಿಮೆಯಾಗುತ್ತದೆ, ನೋವು ಅಲ್ಲಿಂದ ಹುಟ್ಟುತ್ತದೆ. ಎಕ್ಸ್‌ರೇ ಎಲುಬನ್ನು ತೋರಿಸುತ್ತದೆಯೇ ಹೊರತು ದಣಿದ ಸ್ನಾಯುವನ್ನಲ್ಲ. ಆದ್ದರಿಂದ 'ಏನೂ ಇಲ್ಲ' ಎಂಬ ವರದಿಯನ್ನು ಎಲುಬಿಗೆ ಏನೂ ಆಗಿಲ್ಲವೆಂದಷ್ಟೇ ಓದಿಕೊಳ್ಳಿ.

ಹಲ್ಲು ಕಾಣದಿದ್ದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ತಾವು ಬಾಗುತ್ತಾರೆ, ಆಮೇಲೆ ದೀಪ ತಿರುಗಿಸುತ್ತಾರೆ, ರೋಗಿಯ ತಲೆಯನ್ನು ತಿರುಗಿಸುವುದು ಎಲ್ಲಕ್ಕೂ ಕೊನೆಗೆ. ಈ ಕ್ರಮ ಪೂರ್ತಿ ತಿರುವುಮುರುವಾಗಬೇಕು. ಮೊದಲು ನೀವು ಬೆನ್ನು ನೆಟ್ಟಗಿಟ್ಟು, ಮೊಣಕೈಗಳನ್ನು ಪಕ್ಕೆಗೆ ತಂದು ಕುಳಿತುಕೊಳ್ಳಿ. ನಂತರ ರೋಗಿಯ ಬಾಯಿ ನಿಮ್ಮ ಮೊಣಕೈ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಕ್ಕೆ ಬರುವಂತೆ ಚೇರನ್ನು ಹೊಂದಿಸಿ. ಆಮೇಲೆ ರೋಗಿಯ ತಲೆ, ಆಮೇಲೆ ದೀಪ. ಮೇಲ್ದವಡೆಯ ಕೆಲಸಕ್ಕೆ ಚೇರಿನ ಬೆನ್ನು ಪೂರ್ತಿ ಮಲಗಿರಬೇಕು, ಗದ್ದ ಮೇಲೆದ್ದು ಮೇಲಿನ ಹಲ್ಲುಗಳ ಅಗಿಯುವ ಮೈ ನೆಲಕ್ಕೆ ಲಂಬವಾಗಬೇಕು. ರೋಗಿಯ ಮುಖವನ್ನು ಗಡಿಯಾರವೆಂದೂ ನೆತ್ತಿಯನ್ನು 12 ಎಂದೂ ಭಾವಿಸಿದರೆ, ನೀವು 11ರಿಂದ 12ರ ಸ್ಥಾನದಲ್ಲಿ, ಅಂದರೆ ರೋಗಿಯ ತಲೆಯ ಹಿಂದೆ ಕುಳಿತು ಬಾಯಿಗನ್ನಡಿಯಲ್ಲಿ ನೋಡಬೇಕು. ಕೆಳದವಡೆಗೆ ಚೇರಿನ ಬೆನ್ನನ್ನು ಸುಮಾರು 20 ಡಿಗ್ರಿ ಎತ್ತಿ, ಗದ್ದವನ್ನು ಎದೆಯ ಕಡೆಗೆ ಇಳಿಸಿ. ಎಡ ಬಲಕ್ಕೆ ತಲೆ ಹೊರಳಿಸುವುದು ರೋಗಿಗೆ ಕಷ್ಟವೇ ಅಲ್ಲ, ನಾವು ಕೇಳುವುದಿಲ್ಲ ಅಷ್ಟೇ.

ಪೂರ್ತಿ ಹಿಂದಕ್ಕೆ ಒರಗುವ ಡೆಂಟಲ್ ಚೇರ್ ಬಂದದ್ದು 1958ರಲ್ಲಿ, ಹಲ್ಲು ಕೊರೆಯುವ ಅತಿವೇಗದ ಯಂತ್ರ ಏರೋಟರ್ ಬಂದ ಮರುವರ್ಷ. ಅದಕ್ಕೂ ಹಿಂದೆ ರೋಗಿ ಕುಳಿತಿರುತ್ತಿದ್ದ, ವೈದ್ಯ ನಿಂತಿರುತ್ತಿದ್ದ. ನಮ್ಮ ಭಾಗದಲ್ಲಿ ಆ ಚೇರಿನ ಅರ್ಧ ಪ್ರಯೋಜನ ಇಂದಿಗೂ ಸಂಕೋಚದ ಪಾಲಾಗಿದೆ. ರುಮಾಲು ಸುತ್ತಿದ ಹಿರಿಯರನ್ನು ಮಟ್ಟಸವಾಗಿ ಮಲಗಿಸಿ, 'ಅಜ್ಜಾರ, ರುಮಾಲು ತಗದಿಡ್ರಿ, ತಲಿ ಸ್ವಲ್ಪ ಮ್ಯಾಲ ಸರಸ್ರಿ, ಗದ್ದ ಎತ್ರಿ' ಎಂದು ಹೇಳಲು ಎಳೆಯ ವೈದ್ಯರ ನಾಲಿಗೆ ಏಳುವುದಿಲ್ಲ. ಹೆಣ್ಣುಮಕ್ಕಳ ತುರುಬು ತಲೆದಿಂಬಿಗೆ ಒತ್ತಿ ತಲೆಯನ್ನು ಮುಂದೆ ತಳ್ಳುತ್ತದೆ, ಆಗ ಗದ್ದ ಎಷ್ಟು ಹೇಳಿದರೂ ಮೇಲೇಳದು. ತುರುಬನ್ನು ಸಡಿಲಿಸಿ ಪಕ್ಕಕ್ಕೆ ಬಿಟ್ಟುಕೊಳ್ಳಲು ಸಹಾಯಕಿ ಮೊದಲೇ ಹೇಳಿದರೆ ಕೆಲಸ ಸಲೀಸು. ತುಂಬು ಬಸುರಿಯರು ಮತ್ತು ಮಲಗಿದರೆ ಉಸಿರುಕಟ್ಟುವ ಹೃದ್ರೋಗಿಗಳು ಇದಕ್ಕೆ ಹೊರತು. ಅವರಿಗೆ ಚೇರನ್ನು ಎತ್ತಿ, ಕೆಲಸವನ್ನು ಚಿಕ್ಕ ಚಿಕ್ಕ ಭಾಗ ಮಾಡಿಕೊಳ್ಳಿ. ಬಸುರಿಯರ ಬಲಸೊಂಟದ ಕೆಳಗೆ ದಿಂಬಿಟ್ಟು ಎಡಕ್ಕೆ ತುಸು ವಾಲಿಸಬೇಕು.

ಈಗ ಲೂಪ್ಸ್. ಲೂಪ್ಸ್ ಅಳತೆ ತೆಗೆದುಕೊಳ್ಳುವ ದಿನ ನೀವು ಹೇಗೆ ಕುಳಿತಿರುತ್ತೀರೋ ಆ ಭಂಗಿಯನ್ನೇ ಅದು ನಿಮಗೆ ಕಾಯಂ ಮಾಡಿಕೊಡುತ್ತದೆ. ಕಣ್ಣಿನಿಂದ ಬಾಯಿಗೆ ಇರುವ ದೂರ ಮತ್ತು ಮಸೂರ ಎಷ್ಟು ಕೆಳಗೆ ಇಳಿಬಿದ್ದಿದೆ ಎಂಬ ಕೋನ ಇವೆರಡೂ ಅದರಲ್ಲಿ ನಿಗದಿಯಾಗಿರುತ್ತವೆ. ಬಾಗಿದ ಭಂಗಿಯಲ್ಲಿ ಅಳತೆ ಕೊಟ್ಟರೆ ಆಮೇಲೆ ನೆಟ್ಟಗೆ ಕುಳಿತಾಗ ಹಲ್ಲು ಮಸುಕಾಗುತ್ತದೆ, ಮತ್ತೆ ಬಾಗುತ್ತೀರಿ, ಅದೂ ಮೂಗಿನ ಮೇಲೆ ಹೆಚ್ಚಿನ ಭಾರ ಹೊತ್ತು. ಆದ್ದರಿಂದ ಮೇಲೆ ಹೇಳಿದಂತೆ ಕೂರುವುದು ಮೈಗೂಡಿದ ನಂತರ, ನಿಮ್ಮದೇ ಸ್ಟೂಲು, ನಿಮ್ಮದೇ ಚೇರಿನಲ್ಲಿ ಅಳತೆ ಕೊಡಿ. ಕತ್ತು 20 ಡಿಗ್ರಿಗಿಂತ ಹೆಚ್ಚು ಬಾಗದೆ ಹಲ್ಲು ಸ್ಪಷ್ಟವಾಗಿ ಕಂಡರೆ ಮಾತ್ರ ಹಣ ಕೊಡಿ. ಶುರುವಿಗೆ 2.5 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು. ಕಂಪನಿಯ ಪ್ರತಿನಿಧಿ ಹೋಟೆಲ್ ಹಾಲ್‌ನಲ್ಲಿ ನಿಲ್ಲಿಸಿ ಅಳತೆ ತೆಗೆಯುವ ಲೂಪ್ಸ್ ಬಗ್ಗೆ ನನಗೆ ನಂಬಿಕೆಯಿಲ್ಲ.

ಸಂತೆಯ ದಿನಕ್ಕೊಂದು ಮಾತು. ಮರಗಟ್ಟುವ ಇಂಜೆಕ್ಷನ್ ಕೊಟ್ಟ ಮೇಲೆ ಕೆಲವು ನಿಮಿಷ ಕಾಯಲೇಬೇಕು. ಆ ಹೊತ್ತಿನಲ್ಲಿ ಮೊಬೈಲ್ ನೋಡಲು ಮತ್ತೆ ಕತ್ತು ಬಗ್ಗಿಸುವ ಬದಲು ಎದ್ದು ನಿಂತು, ಭುಜಗಳನ್ನು ಹಿಂದಕ್ಕೆ ಕೆಳಕ್ಕೆ ಎಳೆದು, ಗದ್ದವನ್ನು ಹಿಂದಕ್ಕೆ ಸರಿಸಿ, ಕೆಲಸದಲ್ಲಿ ವಾಲಿದ ದಿಕ್ಕಿಗೆ ವಿರುದ್ಧವಾಗಿ ಕತ್ತನ್ನು ನಿಧಾನವಾಗಿ ಚಾಚಿ. ತೋಳಿನಲ್ಲಿ ಜೋಮು ಇಳಿದರೆ, ಹಿಡಿತ ಸೋತರೆ ವ್ಯಾಯಾಮ ನಿಲ್ಲಿಸಿ ಮೂಳೆ ಅಥವಾ ನರರೋಗ ತಜ್ಞರನ್ನು ಕಾಣಿರಿ.

ಪ್ರಶ್ನೆ: ಪಿಯುಸಿ ಮುಗಿಸಿ ಹಲ್ಲಿನ ಕ್ಲಿನಿಕ್‌ನಲ್ಲಿ ಸಹಾಯಕಿಯಾಗಿದ್ದೇನೆ. ಡಾಕ್ಟರ್ ಕುಳಿತು ಕೆಲಸ ಮಾಡುತ್ತಾರೆ, ನಾನು ಇಡೀ ದಿನ ನಿಂತು ಸಕ್ಷನ್ (ಬಾಯಿಯ ನೀರು, ಉಗುಳು ಎಳೆದುಕೊಳ್ಳುವ ನಳಿಗೆ) ಹಿಡಿಯುತ್ತೇನೆ. ಸಂಜೆಗೆ ಸೊಂಟ ಮತ್ತು ಹಿಮ್ಮಡಿ ಹಿಡಿದುಕೊಳ್ಳುತ್ತವೆ. ಈ ವಯಸ್ಸಿಗೇ ಹೀಗಾದರೆ ಮುಂದೇನು?
— ಸಹಾಯಕಿ, ನವನಗರ, ಬಾಗಲಕೋಟೆ

ಉತ್ತರ: ತಂಗಿ, ಇದು ವಯಸ್ಸಿನ ದೋಷವಲ್ಲ, ನಿಮಗೆ ಸ್ಟೂಲು ಇಲ್ಲದಿರುವುದರ ದೋಷ. ಈ ಉತ್ತರವನ್ನು ನಿಮ್ಮ ಡಾಕ್ಟರಿಗೂ ತೋರಿಸಿ. ವೈದ್ಯರು ಮತ್ತು ಸಹಾಯಕರು ಇಬ್ಬರೂ ಕುಳಿತು, ನಾಲ್ಕು ಕೈಗಳು ಒಂದೇ ಬಾಯಿಯ ಸುತ್ತ ಹೊಂದಿಕೊಂಡು ಕೆಲಸ ಮಾಡುವ ಪದ್ಧತಿ ಹಲವು ದಶಕಗಳಷ್ಟು ಹಳೆಯದು. ಅದರಲ್ಲಿ ಬಲಗೈ ವೈದ್ಯರ ಸಹಾಯಕಿ ಗಡಿಯಾರದ 2ರಿಂದ 4ರ ನಡುವೆ, ಅಂದರೆ ರೋಗಿಯ ಎಡಭಾಗದಲ್ಲಿ ಕೂರುತ್ತಾಳೆ, ಅವಳ ಕಣ್ಣು ವೈದ್ಯರ ಕಣ್ಣಿಗಿಂತ 10ರಿಂದ 15 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಎತ್ತರ ಇದ್ದರೆ ಮಾತ್ರ ಬಾಗದೆ ಬಾಯೊಳಗೆ ಕಾಣಿಸುತ್ತದೆ. ಹಾಗಾಗಿ ಸಹಾಯಕಿಯ ಸ್ಟೂಲು ವೈದ್ಯರ ಸ್ಟೂಲಿಗಿಂತ ಎತ್ತರ ಏರುವಂಥದ್ದಾಗಿರಬೇಕು, ಪಾದ ಊರಲು ಕೆಳಗೆ ಬಳೆ ಇರಬೇಕು. ಕಾಲು ಜೋತುಬಿದ್ದ ಎತ್ತರದ ಸ್ಟೂಲು ನಿಲ್ಲುವುದಕ್ಕಿಂತ ಮೇಲೇನಲ್ಲ.

ದೊಡ್ಡ ಸಕ್ಷನ್ ನಳಿಗೆಯನ್ನು ಪೆನ್ನಿನಂತೆ ಬೆರಳತುದಿಯಲ್ಲಿ ಹಿಡಿಯದೆ ಅಂಗೈಯಲ್ಲಿ ಹಿಡಿಯಿರಿ, ಮೊಣಕೈ ಪಕ್ಕೆಯ ಹತ್ತಿರ ಇರಲಿ. ಮತ್ತೆ ಮತ್ತೆ ಬೇಕಾಗುವ ಸಾಮಾನುಗಳು ಕೈಚಾಚಿದರೆ ಸಿಗುವಷ್ಟು ಹತ್ತಿರ, ಮುಂಭಾಗದಲ್ಲಿ ಇರಲಿ. ಹಿಂದಿನ ಕಪಾಟಿಗೆ ಸೊಂಟ ತಿರುಚಿ ಕೈಹಾಕುವುದು ದಿನಕ್ಕೆ ಎಷ್ಟು ಸಲ ಆಗುತ್ತದೆಂದು ಒಮ್ಮೆ ಎಣಿಸಿದರೆ ನಿಮ್ಮ ಡಾಕ್ಟರಿಗೇ ಆಶ್ಚರ್ಯವಾದೀತು. ಕೊಡಪಾನದಲ್ಲಿ ನೀರು ಹೊತ್ತು ತರುವುದು, ಸಲಕರಣೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ತುಂಬುವುದು ಇವೂ ಸಹಾಯಕಿಯರ ಪಾಲಿಗೇ ಬರುವ ಕೆಲಸ. ಆಟೋಕ್ಲೇವ್ ನೆಲದ ಮೇಲಿದ್ದರೆ ಸೊಂಟದ ಎತ್ತರದ ಕಟ್ಟೆಗೆ ಏರಿಸಲು ಕೇಳಿ. ಕ್ಲಿನಿಕ್ಕಿಗೆ ಹೊಸ ಎಲ್‌ಇಡಿ ಬೋರ್ಡು ಹಾಕಿಸುವ ಮುನ್ನ ಸಹಾಯಕಿಗೊಂದು ಸ್ಟೂಲು ತರುವುದು ಮಾಲೀಕರಿಗೆ ಶೋಭೆ.

ಪ್ರಶ್ನೆ: ಇಂಟರ್ನ್ ಆಗಿದ್ದೇನೆ. ಸ್ಕೇಲಿಂಗ್ (ಹಲ್ಲಿಗೆ ಕಟ್ಟಿದ ಗಾರೆ ತೆಗೆಯುವ ಕೆಲಸ) ಪೋಸ್ಟಿಂಗ್ ಶುರುವಾದಾಗಿನಿಂದ ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳುಗಳಲ್ಲಿ ಜೋಮು. ಕೆಲವೊಮ್ಮೆ ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುತ್ತೇನೆ. ಇದು ಕಾರ್ಪಲ್ ಟನಲ್ ಅಲ್ಲವಷ್ಟೇ?
— ದಂತ ವೈದ್ಯಕೀಯ ವಿದ್ಯಾರ್ಥಿ, ವಿಜಯಪುರ

ಉತ್ತರ: ನಿಮಗೆ ಸಮಾಧಾನ ಹೇಳಬಹುದಿತ್ತು, ಆದರೆ ನೀವು ಬರೆದ ಲಕ್ಷಣಗಳು ಅದರವೇ. ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದುಹೋಗುವ ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಕ್ಕೆ ಸಂವೇದನೆ ಕೊಡುತ್ತದೆ; ರಾತ್ರಿ ಎಚ್ಚರವಾಗಿ ಕೈ ಕೊಡವುವುದು ಈ ತೊಂದರೆಯ ಹಳೆಯ ಗುರುತು. ಕಿರುಬೆರಳಿನಲ್ಲಿ ಜೋಮು ಬಂದಿದ್ದರೆ ಮೊಣಕೈಯಲ್ಲಿ ಒತ್ತಡಕ್ಕೆ ಸಿಕ್ಕ ಬೇರೆ ನರವನ್ನು ಅನುಮಾನಿಸಬೇಕಾಗುತ್ತಿತ್ತು. ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ಸೇರಿಸಿ, ಮಣಿಕಟ್ಟು ಪೂರ್ತಿ ಬಾಗುವಂತೆ ಒಂದು ನಿಮಿಷ ಹಿಡಿಯಿರಿ. ಅದೇ ಬೆರಳುಗಳಿಗೆ ಜೋಮು ಏರಿದರೆ ನಿಮ್ಮ ಕಾಲೇಜಿನ ಮೂಲಕವೇ ವೈದ್ಯರನ್ನು ಕಂಡು ನರದ ಪರೀಕ್ಷೆ ಮಾಡಿಸಿ. ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆಯೂ ಆಗಲಿ, ಅವೂ ಇದಕ್ಕೆ ಕಾರಣವಾಗಬಲ್ಲವು. ಈ ಹಂತದಲ್ಲಿ ರಾತ್ರಿ ಮಣಿಕಟ್ಟು ಬಾಗದಂತೆ ಕಟ್ಟುವ ಪಟ್ಟಿಯಿಂದಲೇ ಅನೇಕರಿಗೆ ಗುಣ ಸಿಗುತ್ತದೆ. ಹೆಬ್ಬೆರಳ ಬುಡದ ಮಾಂಸಖಂಡ ಸೊರಗಿದ ಮೇಲೆ ಹೋದರೆ ಅಷ್ಟು ಸುಲಭವಲ್ಲ.

ಇನ್ನು ಸ್ಕೇಲಿಂಗ್. ತಂಬಾಕು, ಮಿಶ್ರಿ (ಹುರಿದ ತಂಬಾಕಿನ ಪುಡಿ) ಬಳಸುವವರ ಹಲ್ಲಿಗೆ ಕಟ್ಟಿದ ಕಪ್ಪು ಗಾರೆ ಎಂಥದೆಂಬುದು ನಿಮ್ಮ ಒಪಿಡಿಯಲ್ಲಿ ದಿನವೂ ಕಾಣುತ್ತದೆ. ಅದನ್ನು ಮೊಂಡ ಸ್ಕೇಲರಿನಿಂದ ಕೀಳಲು ಹೋಗುವವನ ಪಾಡು ಮೊಂಡ ಕುಡಗೋಲು ಹಿಡಿದು ಜೋಳ ಕೊಯ್ಯಲು ಇಳಿದವನ ಪಾಡೇ. ಅಂಚು ಮಸೆದಿದ್ದರೆ ಹಗುರ ಹಿಡಿತದಲ್ಲಿ ಆಗುವ ಕೆಲಸಕ್ಕೆ, ಮೊಂಡಾದಾಗ ಬೆರಳ ಬಲವೆಲ್ಲ ಹಾಕಬೇಕು. ಮಸೆಯುವ ಕಲ್ಲು ವಿಭಾಗದಲ್ಲಿ ಇದ್ದೇ ಇರುತ್ತದೆ. ಯಾರೂ ಕೇಳದ ಕಾರಣ ಕಪಾಟಿನಲ್ಲಿರುತ್ತದೆ. ದೊಡ್ಡ ಗಾರೆಯನ್ನು ಮೊದಲು ಅಲ್ಟ್ರಾಸೋನಿಕ್ ಸ್ಕೇಲರಿನಿಂದ ಒಡೆದು, ಉಳಿದದ್ದಕ್ಕೆ ಮಾತ್ರ ಕೈ ಸ್ಕೇಲರ್ ಬಳಸಿ. ನಿಮ್ಮದೇ ಸ್ಕೇಲರ್ ಕೊಳ್ಳುವಾಗ ಹಿಡಿ ಕನಿಷ್ಠ 10 ಮಿಲಿಮೀಟರ್ ದಪ್ಪ, ಒಟ್ಟು ತೂಕ 15 ಗ್ರಾಂ ಮೀರದಂತಿರಲಿ. ತೆಳ್ಳಗಿನ ಭಾರದ ಹಿಡಿಗಿಂತ ಇದರಲ್ಲಿ ಚಿವುಟುವ ಬಲ ಕಡಿಮೆ ಸಾಕಾಗುತ್ತದೆ ಎಂಬುದು ಅಳೆದು ತಿಳಿದ ಸಂಗತಿ. ಗಾರೆ ಎಳೆಯುವಾಗ ಬೆರಳನ್ನಷ್ಟೇ ಆಡಿಸದೆ, ಪಕ್ಕದ ಹಲ್ಲಿನ ಮೇಲೆ ಉಂಗುರಬೆರಳು ಊರಿ, ಮಣಿಕಟ್ಟು ನೇರವಿಟ್ಟು, ಮುಂಗೈಯನ್ನೇ ತಿರುಗಿಸಿ.

ಕೈಗವಸನ್ನು ಮರೆಯಬೇಡಿ. ಎರಡೂ ಕೈಗೆ ಒಂದೇ ಆಕಾರದ ಅಗ್ಗದ ಗವಸು ಹೆಬ್ಬೆರಳನ್ನು ಸದಾ ಹೊರಕ್ಕೆ ಎಳೆಯುತ್ತಿರುತ್ತದೆ, ಅಳತೆ ಚಿಕ್ಕದಾದರಂತೂ ಮಣಿಕಟ್ಟನ್ನೂ ಬಿಗಿಯುತ್ತದೆ. ಡಬ್ಬಿಯಲ್ಲಿ ಉಳಿದದ್ದು ಯಾವುದೋ ಅದನ್ನು ಹಾಕಿಕೊಳ್ಳುವ ರೂಢಿ ಬಿಡಿ.

ಪ್ರಶ್ನೆ: ಹಳೆಯ ಚೇರ್, ಚಿಕ್ಕ ಊರು. ನನ್ನ ರೋಗಿಗಳಲ್ಲಿ ಗುಟ್ಕಾದಿಂದ ಬಾಯಿ ತೆರೆಯಲಾಗದವರು ಬಹಳ. ಅವರ ಹಿಂದಿನ ಹಲ್ಲು ನೋಡಲು ನಾನು ಮೈ ತಿರುಚಲೇಬೇಕು. ಜೊತೆಗೆ ತಿಂಗಳಿಗೊಂದೆರಡು ಶಾಲಾ ಶಿಬಿರ, ಅಲ್ಲಿ ಪ್ಲಾಸ್ಟಿಕ್ ಕುರ್ಚಿಯೇ ಗತಿ. ಪುಸ್ತಕದ ಭಂಗಿ ನಮ್ಮಂಥವರಿಗೆ ಹೇಗೆ ಸಾಧ್ಯ?
— ಹಿರಿಯ ದಂತವೈದ್ಯ, ಸಿಂದಗಿ

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಆದರೆ ಅಡಿಕೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಕೊಂಡು ಕಲಸಿಕೊಳ್ಳುವುದು ನಿಂತಿಲ್ಲ. ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿ ಮುಚ್ಚುತ್ತ ಬರುವ ರೋಗಿಗಳು ನಿಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಬಾಯಿ ಮೂರು ಬೆರಳಗಲ ತೆರೆಯುವವರಿಗೆ ಹೇಳಿದ ಭಂಗಿ ಒಂದೂವರೆ ಬೆರಳು ತೆರೆಯುವವರಿಗೆ ಪೂರ್ತಿ ಹೊಂದುವುದಿಲ್ಲ. ಅಂಥವರಿಗೆ ಚಿಕ್ಕ ತಲೆಯ ಏರೋಟರ್, ಚಿಕ್ಕ ಬಾಯಿಗನ್ನಡಿ ಇಟ್ಟುಕೊಳ್ಳಿ, ಒಂದು ಸರದಿಗೆ ಸ್ವಲ್ಪವೇ ಕೆಲಸ ಹಾಕಿಕೊಳ್ಳಿ. ಕೊನೆಯ ದವಡೆ ಹಲ್ಲಿಗೆ ಕೈಯೇ ಹೋಗದಿದ್ದರೆ ಅರ್ಧ ತಾಸು ಹೆಣಗುವ ಬದಲು ವಿಜಯಪುರಕ್ಕೆ, ಬಾಯಿ ಶಸ್ತ್ರಚಿಕಿತ್ಸಾ ತಜ್ಞರ ಬಳಿಗೆ ಕಳಿಸುವುದು ಇಬ್ಬರಿಗೂ ಹಿತ. ಅದರಲ್ಲಿ ಸೋಲೇನೂ ಇಲ್ಲ.

ಹಲ್ಲು ಕೀಳುವಾಗ ನಿಂತೇ ಕೀಳಿ. ಒಂದು ಕಾಲು ಮುಂದಿಡಿ, ಕೀಳುವ ಶಕ್ತಿ ಭುಜದಿಂದಲ್ಲದೆ ಇಡೀ ಮೈಯಿಂದ ಬರಲಿ. ಮೇಲಿನ ಹಲ್ಲಿಗೆ ರೋಗಿಯ ಬಾಯಿ ನಿಮ್ಮ ಮೊಣಕೈ ಮಟ್ಟದಲ್ಲಿ, ಕೆಳಗಿನ ಹಲ್ಲಿಗೆ ಅದಕ್ಕಿಂತ ಕೆಳಗೆ ಇರಬೇಕು. ಬಲ ಕೆಳದವಡೆಗೆ ರೋಗಿಯ ಹಿಂದೆ ಹೋಗಿ ನಿಲ್ಲಿ. ಬೇರು ಅಲ್ಲಾಡದಿದ್ದರೆ ಬಲ ಹೆಚ್ಚಿಸುತ್ತ ಹೋಗದೆ ಹಲ್ಲನ್ನು ಏರೋಟರಿನಿಂದ ಸೀಳಿ ಭಾಗ ಮಾಡಿ ತೆಗೆಯಿರಿ.

ಶಿಬಿರದಲ್ಲಿ ರೋಗಿಯನ್ನು ಕೂರಿಸುವ ಪ್ಲಾಸ್ಟಿಕ್ ಕುರ್ಚಿಯೇ ನಿಮ್ಮ ಸೊಂಟಕ್ಕೆ ದೊಡ್ಡ ಶತ್ರು, ಅದನ್ನು ಬಿಡುವುದು ನಿಮ್ಮ ಕೈಯಲ್ಲೇ ಇದೆ. ವಿದ್ಯುತ್ತಿಲ್ಲದೆ ಕೈ ಸಲಕರಣೆಗಳಿಂದಲೇ ಹುಳುಕು ತೆಗೆದು ತುಂಬುವ ಎಆರ್‌ಟಿ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಮುಂದಿಟ್ಟಿತು. ಅದರಲ್ಲಿ ರೋಗಿಯನ್ನು ಸಾದಾ ಮೇಜಿನ ಮೇಲೆ ಮಲಗಿಸಿ, ವೈದ್ಯರು ತಲೆಯ ಹಿಂದೆ ಕುಳಿತು ಕೆಲಸ ಮಾಡುತ್ತಾರೆ. ಸಿಂದಗಿ ತಾಲ್ಲೂಕಿನ ಯಾವ ಶಾಲೆಯಲ್ಲಿಯೂ ಮಾಸ್ತರರ ಮೇಜು ಇದ್ದೇ ಇರುತ್ತದೆ. ಮೇಲೊಂದು ಜಮಖಾನೆ ಹಾಸಿ, ಮಗುವಿನ ಕತ್ತಿನ ಕೆಳಗೆ ಸುತ್ತಿದ ಚಾದರ ಇಟ್ಟು, ನೀವು ಕುರ್ಚಿಯಲ್ಲಿ ಕುಳಿತು ತಲೆಗೆ ದೀಪ ಕಟ್ಟಿಕೊಳ್ಳಿ. ಮಕ್ಕಳು ನಗುತ್ತಾರೆ, ಆದರೆ ಮಲಗುತ್ತಾರೆ.

ಪ್ರಶ್ನೆ: ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಕೆಲಸ ಮಾಡಬಹುದೇ?
— ದಂತವೈದ್ಯ, ಅಥಣಿ

ಉತ್ತರ: ನೋವು ತೀವ್ರವಾಗಿರುವ ಕೆಲವು ದಿನ ಕಟ್ಟಿಕೊಳ್ಳಿ, ಆಮೇಲೆ ಬಿಚ್ಚಿಡಿ, ಅದು ನೋವು ಬಾರದಂತೆ ತಡೆಯುವುದಿಲ್ಲ. ಬೆಲ್ಟಿಗಿಂತ ಸ್ಟೂಲಿನ ಎತ್ತರ ನೋಡಿ: ತೊಡೆ ಮಂಡಿಯ ಕಡೆಗೆ ತುಸು ಇಳಿಜಾರಾಗಿರಬೇಕು, ಪಾದ ಪೂರ್ತಿ ನೆಲಕ್ಕೆ ಊರಿರಬೇಕು, ಸ್ಟೂಲಿನ ಬೆನ್ನು ನಿಮ್ಮ ಸೊಂಟಕ್ಕೆ ತಾಗಬೇಕು. ಏರೋಟರಿನ ಪೆಡಲ್ ದೂರವಿದ್ದರೆ ಬಲಗಾಲು ಚಾಚಿ ಸೊಂಟ ಓರೆಯಾಗುತ್ತದೆ, ಅದನ್ನು ಹತ್ತಿರ ಎಳೆದುಕೊಳ್ಳಿ. ಹಿಂದಿನ ಜೇಬಿನ ದಪ್ಪ ಪಾಕೀಟು ತೆಗೆದಿಡಿ. ಕಾಲಿನ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ತೊಡೆಸಂಧಿಯ ಸುತ್ತ ಸ್ಪರ್ಶ ತಿಳಿಯದಿರುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಡೆಂಟಲ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೈಕ್ರೋಮೋಟರ್ (ಉಜ್ಜುವ, ಕೊರೆಯುವ ಕೈಯಂತ್ರ) ಹಿಡಿದ ಕೈ ಸಂಜೆಗೆ ನಡುಗುತ್ತದೆ, ಕತ್ತು ಎತ್ತಲಾಗುವುದಿಲ್ಲ. ನಮ್ಮ ಬಗ್ಗೆ ಯಾರೂ ಬರೆಯುವುದಿಲ್ಲ.
— ಬೆಳಗಾವಿ

ಉತ್ತರ: ನಿಜ, ಬರೆಯುವುದಿಲ್ಲ. ನಿಮಗೊಂದು ಅನುಕೂಲ ವೈದ್ಯರಿಗಿಲ್ಲ: ಕ್ಯಾಪ್ ಅಥವಾ ಹಲ್ಲಿನ ಸೆಟ್ಟನ್ನು ನೀವು ಎಷ್ಟು ಬೇಕಾದರೂ ಮೇಲೆತ್ತಿ ಕಣ್ಣಿನ ಹತ್ತಿರ ತರಬಹುದು. ಕತ್ತು ಬಗ್ಗಿಸುವ ಬದಲು ಮೇಜಿನ ಅಂಚಿಗೆ ಮೊಣಕೈಗೆ ಆಸರೆ ಕೊಡುವ ಮೆತ್ತನೆಯ ಹಲಗೆ ಕೂರಿಸಿ, ಕೆಲಸವನ್ನು ಎದೆಯ ಮಟ್ಟಕ್ಕೆ ಎತ್ತಿಕೊಳ್ಳಿ. ನಡುಕಕ್ಕೆ ಮುಖ್ಯ ಕಾರಣ ಕಂಪನ; ಸವೆದ ಬೇರಿಂಗು, ಬಾಗಿದ ಬರ್ (ಯಂತ್ರದ ಕೊರೆಯುವ ಮೊನೆ) ಅದನ್ನು ಹೆಚ್ಚಿಸುತ್ತವೆ, ಇವನ್ನು ಬದಲಿಸದೆ ಬೇರೆ ಉಪಾಯವಿಲ್ಲ. ಉಜ್ಜುವ ಕೆಲಸವನ್ನೆಲ್ಲ ಒಂದೇ ಸಮನೆ ಮಾಡದೆ ನಡುನಡುವೆ ಮೇಣದ ಕೆಲಸ ಹಾಕಿಕೊಳ್ಳಿ. ಚಳಿಯಲ್ಲಿ ಬೆರಳತುದಿ ಬಿಳುಪೇರಿ ಸ್ಪರ್ಶ ತಪ್ಪಿದರೆ ಅದು ಕಂಪನದಿಂದ ರಕ್ತನಾಳಗಳಿಗಾದ ಹಾನಿ ಇರಬಹುದು, ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಎಡಗೈಯವಳು. ಕಾಲೇಜಿನ ಚೇರುಗಳೆಲ್ಲ ಬಲಗೈಯವರಿಗೆ ಮಾಡಿದವು. ಬಲಭಾಗದಿಂದಲೇ ಕೆಲಸ ಮಾಡುವುದರಿಂದ ಬೆನ್ನು ತಿರುಚಿ ನೋಯುತ್ತದೆ. ಬಲಗೈ ರೂಢಿಸಿಕೊಳ್ಳುವುದೇ ಒಳ್ಳೆಯದೆಂದು ಮನೆಯವರು ಹೇಳುತ್ತಾರೆ. ಎಡಗೈಯಲ್ಲಿ ಹಲ್ಲು ಕಿತ್ತರೆ ಜನ ಏನೆಂದಾರು ಎಂಬ ಅಳುಕೂ ಅವರಿಗಿದೆ.
— ಇಳಕಲ್ಲಿನ ವಿದ್ಯಾರ್ಥಿನಿ

ಉತ್ತರ: ಕೈ ಬದಲಿಸಬೇಡಿ, ಜಾಗ ಬದಲಿಸಿ. ಬಲಗೈಯವರು ಗಡಿಯಾರದ 7ರಿಂದ 12ರ ನಡುವೆ ಓಡಾಡಿದರೆ ನಿಮ್ಮ ಓಡಾಟ 12ರಿಂದ 5ರ ನಡುವೆ: ಅವರು 9ರಲ್ಲಿ ಕೂರುವ ಕೆಲಸಕ್ಕೆ ನೀವು 3ರಲ್ಲಿ, ಅವರು 11ರಲ್ಲಿ ಕೂರುವ ಕೆಲಸಕ್ಕೆ 1ರಲ್ಲಿ. ಸಹಾಯಕಿ 8ರಿಂದ 10ರ ಕಡೆ ಬರುತ್ತಾಳೆ. ಅಡ್ಡಿ ಇರುವುದು ಏರೋಟರಿನ ವಯರುಗಳು ಮತ್ತು ಉಗುಳುವ ಬೋಗುಣಿ ಇರುವ ಬದಿಯಲ್ಲಿ. ಟ್ರೇ ರೋಗಿಯ ಎದೆಯ ಮೇಲೆ ಬರುವಂಥ ಚೇರಿನಲ್ಲಿ ಅದನ್ನು ಎಡಕ್ಕೆ ಎಳೆದುಕೊಂಡು ಸುಧಾರಿಸಬಹುದು. ಗೋಡೆಯ ಪಕ್ಕಕ್ಕೆ ಒತ್ತಿ ಕೂರಿಸಿದ ಚೇರಿನಲ್ಲಿ ಎಡಭಾಗಕ್ಕೆ ಸ್ಟೂಲೇ ಹೋಗುವುದಿಲ್ಲ, ಆದ್ದರಿಂದ ಸಾಲಿನ ಕೊನೆಯ, ಎರಡೂ ಬದಿಗೆ ಜಾಗವಿರುವ ಚೇರ್ ನಿಮಗೇ ಕೊಡುವಂತೆ ವಿಭಾಗದ ಮುಖ್ಯಸ್ಥರಿಗೆ ಬರೆದು ಕೇಳಿ. ಬಾಯಿಮಾತಿನ ಕೋರಿಕೆ ಬ್ಯಾಚ್ ಬದಲಾದಾಗ ಮರೆತುಹೋಗುತ್ತದೆ.

ಮನೆಯವರ ಅಳುಕಿಗೆ ಒಂದೇ ಮಾತು: ಬಾಯಿ ತೆರೆದು ಮಲಗಿದವರು ಇಂಜೆಕ್ಷನ್ ಸೂಜಿಯ ಕಡೆಗೆ ನೋಡುತ್ತಾರೆಯೇ ಹೊರತು ಅದನ್ನು ಹಿಡಿದದ್ದು ಯಾವ ಕೈ ಎಂದು ಎಣಿಸುವುದಿಲ್ಲ. ಮುಂದೆ ಇಳಕಲ್ಲಿನಲ್ಲಿಯೇ ಕ್ಲಿನಿಕ್ ತೆರೆಯುವುದಾದರೆ, ಎರಡೂ ಬದಿಗೆ ತಿರುಗಿಸಿಕೊಳ್ಳಬಹುದಾದ ಮಾದರಿಯ ಚೇರನ್ನೇ ಕೇಳಿ, ಮತ್ತು ನೀರು, ಗಾಳಿ, ವಿದ್ಯುತ್ತಿನ ಪೈಪುಗಳು ನೆಲದೊಳಗೆ ಯಾವ ಬದಿಯಲ್ಲಿ ಏಳಬೇಕೆಂಬುದನ್ನು ಗೌಂಡಿ ಟೈಲ್ಸ್ ಹಾಕುವ ಮೊದಲೇ ನಿಂತು ತೋರಿಸಿ.